ಹೊನ್ನಯ್ಯನ ಜಗಲಿಯ ಮೇಲೆ ಐದು ಎಲೆ

ಭೂತಪ್ಪನಿಗೆ ಎಡೆ ಇಡಬೇಕೋ ಬೇಡವೋ ಎಂಬ ಜಗಳ ನಾಗಯ್ಯನ ಮನೆಯಲ್ಲಿ ಶುರುವಾದದ್ದು ಹುರುಳಿ ಸಾರಿನ ಮುಂದೆ. ಗೌರಿ ಹಬ್ಬ ಕಳೆದಿತ್ತು, ಪಿತೃಪಕ್ಷ ಹತ್ತಿರ ಬಂದಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ನಾಗಯ್ಯ ಕೈಕಾಲು ತೊಳೆದು ಕುಳಿತು, ಮುದ್ದೆಯ ಮೊದಲ ತುತ್ತನ್ನು ಸಾರಿಗೆ ಅದ್ದುತ್ತ ಹೇಳಿದ:

“ಈ ಸಲ ಹಿರಿಯರ ಹಬ್ಬಕ್ಕೆ ಭೂತನಿಗೂ ಒಂದು ಎಲೆ ಹಾಕಿಬಿಡೋಣ.”

ಹುಲಿಗೆಮ್ಮ ಮುದ್ದೆ ಕೋಲನ್ನು ಮಡಕೆಯಲ್ಲೇ ಬಿಟ್ಟು ಗಂಡನ ಕಡೆ ತಿರುಗಿದಳು. “ಯಾವ ಭೂತನಿಗೆ?”

“ನಮ್ಮ ಮಗ ಭೂತಪ್ಪನಿಗೆ. ಇನ್ಯಾರಿಗೆ?”

“ಬದುಕಿರೋ ಮಗನಿಗೆ ಎಡೆ ಇಡು ಅಂತೀಯಲ್ಲ, ನಿನ್ನ ಬಾಯಲ್ಲಿರೋದು ಮುದ್ದೆಯೋ ಮಣ್ಣೋ?”

“ಬದುಕಿದ್ರೆ ಒಂದು ಸುದ್ದಿ ಬರ್ತಿರಲಿಲ್ವೇನೇ? ಯುದ್ಧ ಮುಗಿದು ವರ್ಷ ಆಯ್ತು. ಸತ್ತಿದ್ರೆ ಪಾಪ, ಎರಡು ಹಬ್ಬ ಉಪವಾಸ ಕೂತಿದಾನೆ.”

“ನನ್ನ ಮಗ ಸತ್ತಿಲ್ಲ.”

“ಹಾಗಾದ್ರೆ ಓಡಿಹೋಗಿದಾನೆ ಅನ್ನು.”

“ಓಡಿಯೂ ಹೋಗಿಲ್ಲ.”

“ಸತ್ತಿಲ್ಲ, ಓಡಿಲ್ಲ, ಬಂದೂ ಇಲ್ಲ. ಏನು, ಹೊಗೆಯಾಗಿ ಹೋದನೇ?”

ಇಬ್ಬರೂ ಸೊಸೆಯ ಕಡೆ ನೋಡಿದರು. ಈಶ್ವರಮ್ಮ ಒಲೆಯ ಬಳಿ ಕೆಂಡ ಕೆದಕುತ್ತಿದ್ದಳು. ಅತ್ತೆ ಹೇಳಿದಂತೆ ಬದುಕಿದ್ದರೆ ಅವಳು ಮುತ್ತೈದೆ, ಮಾವ ಹೇಳಿದಂತೆ ಸತ್ತಿದ್ದರೆ ಅಲ್ಲ, ಊರು ಹೇಳಿದಂತೆ ಓಡಿಹೋಗಿದ್ದರೆ ಗಂಡ ಬಿಟ್ಟವಳು. ಮೂರರಲ್ಲಿ ಯಾವುದು ಎಂದು ತಿಳಿಯದೆಯೇ ಅವಳು ದಿನವೂ ಬೆಳಿಗ್ಗೆ ಕುಂಕುಮ ಇಟ್ಟುಕೊಂಡು ಕಾರ್ಖಾನೆಯ ಸೌದೆ ಡಿಪೋಕ್ಕೆ ಸೌದೆ ಹೊರಲು ಹೋಗುತ್ತಿದ್ದಳು.

ಯುದ್ಧ ಜೋರಾಗಿದ್ದಾಗ ಶಿವಮೊಗ್ಗದ ಹೊನ್ನಯ್ಯ ಮೇಸ್ತ್ರಿ ಕಾರ್ಖಾನೆಯ ಕೂಲಿಗಳ ಮನೆಸಾಲಾದ ಲೈನಿಗೆ ಬಂದು, ಅಸ್ಸಾಮಿನ ಕಡೆ ಮಿಲಿಟರಿ ರಸ್ತೆ ಕೆಲಸವಿದೆ, ಹೊಟ್ಟೆ ತುಂಬ ಅನ್ನ, ಕಂಬಳಿ, ಬೂಟು ಎಂದು ಹೇಳಿ ಭೂತಪ್ಪನೂ ಸೇರಿ ಐದು ಜನ ಗಂಡಸರನ್ನು ರೈಲು ಹತ್ತಿಸಿಕೊಂಡು ಹೋಗಿದ್ದ. ಮುಂದಿನ ಮಳೆಗಾಲಕ್ಕೆ ಒಬ್ಬನೇ ಬಂದ. ಕಾರ್ಖಾನೆಯ ಗೇಟಿನ ಮುಂದೆ ನಿಂತು, “ನಿಮ್ಮವರು ನನಗೆ ಕೈಕೊಟ್ಟು ಓಡಿಹೋದರು. ಯಾವ ಊರು ಸೇರಿದರೋ, ಯಾವಳನ್ನು ಕಟ್ಟಿಕೊಂಡರೋ ನನಗೆ ಗೊತ್ತಿಲ್ಲ” ಎಂದುಬಿಟ್ಟ. ಅವತ್ತಿನಿಂದ ಆ ಐದು ಮನೆಗಳಿಗೆ ಓಡಿಹೋದವರ ಮನೆ ಎಂದೇ ಹೆಸರು. ನಾಗಯ್ಯ ಶಿವಮೊಗ್ಗದ ಸರ್ಕಾರಿ ಕಚೇರಿಗೂ ಹೋಗಿ ಕೈಮುಗಿದಿದ್ದ. “ಮೇಸ್ತ್ರಿಯೇ ಓಡಿಹೋದರು ಅಂತ ಹೇಳಿದ ಮೇಲೆ ನಾವೇನು ಮಾಡೋದಯ್ಯ” ಎಂದು ಕಳುಹಿಸಿದ್ದರು.

ಈ ಹೆಸರಿನಿಂದ ಭೂತಪ್ಪನ ತಂಗಿ ತುಂಗಮ್ಮನಿಗೆ ಕುಂಸಿಯಿಂದ ಬಂದಿದ್ದ ಗಂಡೂ ತಪ್ಪಿತ್ತು. ಅಣ್ಣ ಓಡಿದ ಮನೆ, ತಂಗಿಯೂ ಓಡಿದರೆ ಏನು ಗತಿ ಎಂದರಂತೆ.

“ನಾನೆಲ್ಲಿ ಓಡ್ಲಿ,” ಎಂದಿದ್ದಳು ತುಂಗಮ್ಮ, “ಕಂಟ್ರೋಲ್ ಅಕ್ಕಿ ಸಾಲಲ್ಲಿ ನಿಂತು ನಿಂತು ಕಾಲು ಊದಿದೆ. ಆ ಗಂಡಿಗೆ ಹೇಳಿ, ನಡೆಯೋದೇ ಕಷ್ಟ ಅಂತ.”

ಎಡೆಯ ಮಾತು ಎತ್ತಿದ ತಪ್ಪಿಗೆ ನಾಗಯ್ಯನ ಸಾರಿಗೆ ಎರಡು ದಿನ ಉಪ್ಪು ಬೀಳಲಿಲ್ಲ. ಅವನೂ ಬಿಡಲಿಲ್ಲ, ಚಪ್ಪರಿಸಿಕೊಂಡು ಉಂಡ. ಮೂರನೆಯ ದಿನ ಹುಲಿಗೆಮ್ಮನೇ ಸೋತು ಉಪ್ಪು ಹಾಕಿದಾಗ, “ಯಾಕೋ ಇವತ್ತು ಸಾರು ಕೆಟ್ಟಿದೆ” ಎಂದ. ತುಂಗಮ್ಮ ಕಿಸಕ್ಕನೆ ನಕ್ಕಳು. ಹುಲಿಗೆಮ್ಮ ಸೌಟು ಎತ್ತಿದಳು. ಆಗ ಈಶ್ವರಮ್ಮ ಬಾಯಿ ಬಿಟ್ಟಳು.

“ಅತ್ತೆ, ಮಾವ, ನೀವಿಬ್ರೂ ಜಗಳ ಆಡಿ ಪ್ರಯೋಜನ ಇಲ್ಲ. ಗೊತ್ತಿರೋನು ಆ ಮೇಸ್ತ್ರಿ ಒಬ್ಬನೇ. ಅವನನ್ನೇ ಕೇಳೋಣ.”

“ಅವನನ್ನ ಕೇಳಿ ಆಗಿದೆಯಲ್ಲೇ ಈಶ್ವರಿ. ಓಡಿಹೋದ್ರು ಅಂದ,” ಎಂದಳು ಹುಲಿಗೆಮ್ಮ.

“ಗೇಟಲ್ಲಿ ನಿಂತು ಅಂದ. ಕೂತ್ಕೊಂಡು ಕೇಳಿಲ್ಲ. ನಾವು ಹೋಗಿ ಅವನ ಜಗಲಿ ಮೇಲೆ ಕೂತ್ಕೊಳ್ಳೋಣ. ಹೇಳೋ ತನಕ ಭಾನುವಾರ ಭಾನುವಾರ ಹೋಗೋಣ.”

“ಊಟ?” ಎಂದ ನಾಗಯ್ಯ.

“ಅಲ್ಲೇ ಬೇಯಿಸ್ತೀವಿ.”

“ನಂದು?”

“ನಿಮ್ದು ಇಲ್ಲಿ ನೀವೇ ಬೇಯಿಸ್ಕೊಳ್ಳಿ ಮಾವ. ಉಪ್ಪು ಎಷ್ಟು ಬೇಕೋ ಅಷ್ಟು ಹಾಕ್ಕೊಳ್ಳಿ.”

ಮೊದಲ ಭಾನುವಾರ ಬೆಳಗಿನ ರೈಲಿಗೆ ಐದು ಮನೆಯ ಹೆಂಗಸರೂ ಹೊರಟರು. ಮಗ ಕರಿಯಪ್ಪನನ್ನು ಮೇಸ್ತ್ರಿಯ ಜೊತೆ ಕಳಿಸಿದ್ದ ಹಾಲಮ್ಮ ಒಂದು ಹೊರೆ ಸೌದೆಯನ್ನೇ ತಲೆಯ ಮೇಲೆ ಇಟ್ಟುಕೊಂಡು ಬಂದಿದ್ದಳು. ಲೈನಿನ ಪೇಪರ್ ಟೌನ್ ಕಡೆಯ ತುದಿಯಲ್ಲಿದ್ದ, ಮೊಮ್ಮಗನನ್ನು ಕಳಿಸಿದ್ದ ತಮಿಳು ಅಜ್ಜಿ ಮುನಿಯಮ್ಮ ಒಲೆಗೆಂದು ಮೂರು ಕಲ್ಲನ್ನು ಸೆರಗಿನಲ್ಲಿ ಕಟ್ಟಿ ತಂದಿದ್ದಳು.

“ಶಿವಮೊಗ್ಗದಲ್ಲಿ ಕಲ್ಲು ಸಿಗೋದಿಲ್ವೇನಜ್ಜಿ?” ಎಂದಳು ತುಂಗಮ್ಮ.

“ಆ ಊರು ಕಲ್ಲು ನಾ ನಂಬಲ್ಲ ಕಣಮ್ಮಾ,” ಎಂದಳು ಮುನಿಯಮ್ಮ.

ಹೊನ್ನಯ್ಯನ ಮನೆ ದುರ್ಗಿಗುಡಿಯಲ್ಲಿ. ನವುಲೆಯ ಕಡೆ ಗದ್ದೆ ಇದ್ದ ಮನುಷ್ಯ; ಮನೆಗೆ ಹೆಂಚು, ಮುಂದೆ ಅಗಲವಾದ ಜಗಲಿ. ಹೆಂಗಸರು ಹತ್ತಿ ಕುಳಿತರು. ಹೊನ್ನಯ್ಯ ಬಾಗಿಲಿಗೆ ಬಂದವನು ಮುಖ ನೋಡಿದ ಕೂಡಲೇ ಗುರುತು ಹಿಡಿದ.

“ಏನು, ಎಲ್ಲರೂ ಬಂದಿದೀರಿ?”

ಈಶ್ವರಮ್ಮ ಎದ್ದು ನಿಂತಳು. “ಮೇಸ್ತ್ರಿಗಳೇ, ನಮ್ಮ ಗಂಡಸರು ಎಲ್ಲಿ?”

“ಹೇಳಿದೀನಲ್ಲ. ಓಡಿಹೋದ್ರು.”

“ಸರಿ, ಓಡಿಹೋದ್ರು. ಯಾವ ಕಡೆ ಓಡಿದ್ರು? ಹಗಲೋ, ಕತ್ತಲಲ್ಲೋ? ಕಂಬಳಿ ತಗೊಂಡು ಓಡಿದ್ರೋ, ಬಿಟ್ಟು ಓಡಿದ್ರೋ?”

“ಅದೆಲ್ಲ ನನಗೆ ಹೇಗೆ ಗೊತ್ತಾಗುತ್ತೆ?”

“ಗೊತ್ತಾಗೋ ತನಕ ಕೂತಿರ್ತೀವಿ, ನಿಧಾನ ನೆನಪು ಮಾಡ್ಕೊಳ್ಳಿ,” ಎಂದು ಈಶ್ವರಮ್ಮ ಕುಳಿತಳು. ಮುನಿಯಮ್ಮ ಅಂಗಳದಲ್ಲಿ ಮೂರು ಕಲ್ಲು ಹೂಡಿದಳು.

ಹೊನ್ನಯ್ಯ ಗದರಿದ, ಪೊಲೀಸರನ್ನು ಕರೆಸುತ್ತೇನೆ ಎಂದ. ಹಾಲಮ್ಮ, “ಕರೆಸಿ, ಅವರಿಗೂ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕ್ತೀವಿ” ಎಂದಳು. ಬೀದಿಯವರು ಬಂದು ನಿಂತು ನೋಡಿದರು, ಕಾರಣ ಕೇಳಿದರು, ಕೇಳಿದ್ದನ್ನು ಮನೆಗೆ ಹೋಗಿ ಹೇಳಿದರು. ಹೊನ್ನಯ್ಯ ಹಿತ್ತಲ ಬಾಗಿಲಿನಿಂದ ಗದ್ದೆಗೆ ಹೋದವನು ಹೆಂಗಸರು ಸಂಜೆಯ ರೈಲಿಗೆ ಹೋಗುವವರೆಗೂ ಬರಲಿಲ್ಲ.

ಆದರೆ ಮನೆಯಲ್ಲಿ ಅವನ ತಾಯಿ ಹುಚ್ಚಮ್ಮ ಇದ್ದಳು. ಬೆನ್ನು ಬಾಗಿದ ಮುದುಕಿ; ಬಾಯಿ ಮಾತ್ರ ನೆಟ್ಟಗಿತ್ತು. ಮಧ್ಯಾಹ್ನದ ಹೊತ್ತಿಗೆ ಕೋಲೂರಿಕೊಂಡು ಹೊರಗೆ ಬಂದು ಹೆಂಗಸರ ಮಡಕೆಯೊಳಗೆ ಇಣುಕಿದಳು.

“ಇದೇನು ಸಾರೋ, ಕಾಲು ತೊಳೆದ ನೀರೋ? ಹುಣಸೆಹಣ್ಣು ತಂದಿಲ್ವೇನ್ರೇ?”

“ರೇಷನ್ ಕಾರ್ಡಿನಲ್ಲಿ ಹುಣಸೆಹಣ್ಣು ಕೊಡೋದಿಲ್ಲ ಅಮ್ಮಾರೇ,” ಎಂದಳು ಹುಲಿಗೆಮ್ಮ, “ಮಿಲಿಟರಿ ಕಂಟ್ರಾಕ್ಟು ಮಾಡಿದೋರ ಮನೇಲಿ ಇರುತ್ತೆ.”

ಹುಚ್ಚಮ್ಮ ಕೋಲೂರಿಕೊಂಡು ತಿರುಗಿದಳು. ಒಳಗೆ ಹೋಗಿ ಹುಣಸೆಹಣ್ಣಿನ ಉಂಡೆ ತಂದು ಮಡಕೆಗೆ ತಾನೇ ಕಿವುಚಿದಳು. ಆಮೇಲೆ ಎಲೆ ಅಡಿಕೆಯ ತಟ್ಟೆಯೂ ಬಂತು. ಸಂಜೆಗೆ ಹುಲಿಗೆಮ್ಮ, ಹುಚ್ಚಮ್ಮ ಇಬ್ಬರೂ ಅಕ್ಕತಂಗಿಯರ ಹಾಗೆ ಸುಣ್ಣಕ್ಕೆ ಜಗಳವಾಡುತ್ತಿದ್ದರು.

ಎರಡನೆಯ ಭಾನುವಾರ ಅಕ್ಕಿ ಕಡಿಮೆ ಬಿದ್ದಿತ್ತು. ಈಶ್ವರಮ್ಮ ಇದ್ದ ನುಚ್ಚನ್ನೇ ಹಾಕಿ ದೊಡ್ಡ ಮಡಕೆಯಲ್ಲಿ ಗಂಜಿಗೆ ಇಟ್ಟಳು. ಹೊನ್ನಯ್ಯ ಅವತ್ತು ಗದ್ದೆಗೆ ಹೋಗದೆ ಜಗಲಿಯ ಆ ತುದಿಯಲ್ಲಿ ಹಟದಿಂದ ಕುಳಿತಿದ್ದ. ನನ್ನ ಜಗಲಿ, ನಾನ್ಯಾಕೆ ಏಳಲಿ ಎಂಬ ಹಾಗೆ. ಗಂಜಿ ಕುದಿದು ಹಬೆ ಅವನ ಕಡೆ ತಿರುಗಿದ್ದೇ ತಡ, ಎದ್ದು, ಬಾಯಿಗೆ ಪಂಚೆಯ ಸೆರಗು ಒತ್ತಿಕೊಂಡು ಒಳಗೆ ಹೋದ. ಹಿತ್ತಲಲ್ಲಿ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು.

“ಅವನ ಹಣೆಬರಹ,” ಎಂದಳು ಹುಚ್ಚಮ್ಮ ಎಲೆಗೆ ಸುಣ್ಣ ಸವರುತ್ತ. “ಆ ಅಸ್ಸಾಮಿಂದ ಬಂದಾಗಿನಿಂದ ಗಂಜಿ ಅಂದ್ರೆ ಆಗೋದಿಲ್ಲ. ಜ್ವರ ಬಂದಾಗಲೂ ಕುಡಿಯೋದಿಲ್ಲ. ಮೊದಲು ನೀರಿನ ಹಾಗೆ ಕುಡೀತಿದ್ದ.”

ಈಶ್ವರಮ್ಮ ಮಡಕೆಯಲ್ಲಿ ಸೌಟು ಆಡಿಸುವುದನ್ನು ನಿಲ್ಲಿಸಿದಳು. ಸಂಜೆಯ ರೈಲಿಗೆ ವಾಪಸು ಬಂದರು. ಮನೆಗೆ ಬಂದು ಬಾಗಿಲು ದಾಟಿದ ಮೇಲೆ ಹೇಳಿದಳು:

“ಮಾವ, ಮುಂದಿನ ಭಾನುವಾರ ನನಗೆ ಬಾಳೆ ಎಲೆ ಬೇಕು. ಐದು, ತುದಿ ಇರೋವು.”

“ಅಮಾವಾಸ್ಯೆ ಇನ್ನೂ ಆಮೇಲೆ ಬರುತ್ತಲ್ಲ.”

“ಪಕ್ಷದಲ್ಲಿ ಯಾವತ್ತಾದ್ರೂ ಎಡೆ ಇಡಬಹುದು. ಹೊನ್ನಯ್ಯನ ಜಗಲಿ ಮೇಲೆ ಇಡ್ತೀವಿ.”

ನಾಗಯ್ಯನ ಕೈಯಲ್ಲಿದ್ದ ಬೀಡಿ ಆರಿತು. ಎಡೆ ಎಂದರೆ ಅವರವರ ಮನೆಯಲ್ಲಿ ಅವರವರ ಹಿರಿಯರಿಗೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ ಬಡಿಸಿ, ಬಾಗಿಲು ಮುಚ್ಚಿ, ಅವರು ಉಣ್ಣಲಿ ಎಂದು ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುವ ಪದ್ಧತಿ. ಒಮ್ಮೆ ಎಡೆ ಉಂಡ ಜಾಗಕ್ಕೆ ಅವರು ವರ್ಷವರ್ಷವೂ ಹುಡುಕಿಕೊಂಡು ಬರುತ್ತಾರೆ ಎಂದು ನಂಬಿಕೆ. ಬೇರೆಯವರ ಮನೆಯ ಮುಂದೆ ಎಡೆ ಇಟ್ಟ ಮಾತನ್ನು ನಾಗಯ್ಯ ಕೇಳಿದ್ದೇ ಇಲ್ಲ.

“ಎಡೆ ಇಡಬಾರದು ಅಂತ ನಾನು ಬಡ್ಕೊಂಡೆ,” ಎಂದಳು ಹುಲಿಗೆಮ್ಮ. “ಈಗ ನೀನೂ ನಿನ್ನ ಮಾವನ ಕಡೆ ಸೇರ್ಕೊಂಡೆಯೇನೇ?”

“ನಾನು ಯಾರ ಕಡೆಗೂ ಸೇರಿಲ್ಲ ಅತ್ತೆ. ಎಲೆ ಹಾಸ್ತೀನಿ. ಬಡಿಸಬೇಕೋ ಬೇಡವೋ ಅಂತ ಅವನು ಹೇಳ್ಲಿ.”

ಹುಲಿಗೆಮ್ಮ ಅವತ್ತು ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಹುರುಳಿ ಬೀಸಲು ಕುಳಿತವಳು ಬೀಸುಕಲ್ಲು ನಿಲ್ಲಿಸಿ ತುಂಗಮ್ಮನನ್ನು ಕೇಳಿದಳು: “ನಿಮ್ಮಣ್ಣನಿಗೆ ಮೀನು ಇಷ್ಟವೋ, ಕೋಳಿಯೋ?”

“ಅವನ ಅವ್ವ ನೀನು, ನನ್ನ ಕೇಳ್ತೀಯಲ್ಲ.”

“ಅವನಿಗೆ ಎರಡೂ ಇಷ್ಟ ಕಣೇ. ಯಾವುದು ಜಾಸ್ತಿ ಅಂತ ಕೇಳಿದೆ.”

“ನನ್ನ ಪಾಲಿನದು,” ಎಂದಳು ತುಂಗಮ್ಮ. ಹುಲಿಗೆಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಮೂರನೆಯ ಭಾನುವಾರ ಹೆಂಗಸರ ಜೊತೆ ನಾಗಯ್ಯನೂ ಎಲೆಯ ಸುರುಳಿ ಹಿಡಿದು ಬಂದ. ಭದ್ರಾ ಹೊಳೆಯ ಮೀನಿನ ಸಾರು, ಕೋಳಿ, ಅಕ್ಕಿ ರೊಟ್ಟಿ, ಬೀಡಿ ಕಟ್ಟು, ಎಲೆ ಅಡಿಕೆ, ಎಲ್ಲ ಇತ್ತು. ರೈಲಿನಲ್ಲಿ, ಡಬ್ಬಿಯೊಳಗೆ ಘಮಘಮ ಅನ್ನುತ್ತಿದ್ದ ಮೀನಿಗೆ ಸೋತು ಎದುರಿಗೆ ಕುಳಿತ ಟಿಕೆಟ್ ಕಲೆಕ್ಟರು ಶಿವಮೊಗ್ಗದವರೆಗೂ ಎದ್ದು ಹೋಗಲಿಲ್ಲ.

ಈಶ್ವರಮ್ಮ ಜಗಲಿಯನ್ನು ಗುಡಿಸಿ, ನೀರು ಚಿಮುಕಿಸಿ, ಐದು ಎಲೆ ಹಾಸಿದಳು. ದುರ್ಗಿಗುಡಿಯ ಅರ್ಧ ಬೀದಿ ಅಲ್ಲಿ ನೆರೆದಿತ್ತು. ಕೋಲು ಟಕಟಕ ಎನ್ನಿಸುತ್ತ ಹುಚ್ಚಮ್ಮ ಬಂದಳು.

“ಇದೇನ್ರೇ ಇದು? ನೀರು ಹಾಕಿ ಎಲೆ ಹಾಸಿದೀರಿ?”

“ಎಡೆ ಕಣಕ್ಕ,” ಎಂದಳು ಹುಲಿಗೆಮ್ಮ. “ನೀವು ಬಾಗಿಲು ಹಾಕ್ಕೊಂಡು ಒಳಗಿರಿ. ಅವರು ಉಣ್ಣೋವಾಗ ಯಾರೂ ನೋಡಬಾರದು.”

“ನನ್ನ ಮನೆ ಬಾಗಿಲು ನಾನು ಹಾಕ್ಕೋಬೇಕೇ? ಯಾರ ಮನೆ ಹೆಣಗಳಿಗೋ ನನ್ನ ಜಗಲಿ ಮೇಲೆ ಎಡೆಯೇ? ನಾಳೆಯಿಂದ ಅವರು ವರ್ಷಾವರ್ಷ ಇಲ್ಲಿಗೇ ಬಂದು ಕೂತ್ರೆ ನಾನು ಯಾವ ಹಿರಿಯರಿಗೆ ಅಂತ ಬಡಿಸ್ಲಿ?”

“ಅವರಿಗೆ ಬೇರೆ ಜಾಗ ಗೊತ್ತಿಲ್ಲವಲ್ಲ ಅಮ್ಮಾರೇ,” ಎಂದಳು ಈಶ್ವರಮ್ಮ. “ಕಡೇ ಸಲ ನಿಮ್ಮ ಮಗನ ಹಿಂದೆ ಹೋದರು. ಸತ್ತಿದ್ರೆ ನಿಮ್ಮ ಮಗನ ಹಿಂದೆಯೇ ಬಂದಿರ್ತಾರೆ.”

ಹುಚ್ಚಮ್ಮ ಜಗಲಿಯ ಕಂಬ ಹಿಡಿದು ಒಳಗೆ ತಿರುಗಿ, “ಹೊನ್ನಾ, ಹೊರಗೆ ಬಾರೋ” ಎಂದಳು. ಮಗ ಬರಲಿಲ್ಲ. ಅವಳೇ ಹೋಗಿ ತೋಳು ಹಿಡಿದು ಎಳೆದು ತಂದಳು. ಅಷ್ಟು ದಪ್ಪ ಮನುಷ್ಯನನ್ನು ಆ ಮುದುಕಿ ಹಾಗೆ ತಂದದ್ದಕ್ಕೆ ಬೀದಿಯಲ್ಲಿ ಯಾರೋ ನಕ್ಕರು.

ಈಶ್ವರಮ್ಮ ಅನ್ನದ ಸೌಟು ಹಿಡಿದು ಮೊದಲ ಎಲೆಯ ಮುಂದೆ ನಿಂತಳು. “ಮೇಸ್ತ್ರಿಗಳೇ, ನೀವು ಹೇಳಿದ ಹಾಗೆ ಓಡಿಹೋಗಿದ್ರೆ ಬದುಕಿದಾರೆ. ಬದುಕಿರೋರಿಗೆ ಎಡೆ ಇಟ್ಟ ಪಾಪ ನಮಗೆ ಬೇಡ, ಎಲೆ ಮಡಿಸ್ಕೊಂಡು ಹೋಗ್ತೀವಿ. ಸತ್ತಿದ್ರೆ ಹಸಿದಿದಾರೆ. ಬಡಿಸ್ಲೋ ಬೇಡವೋ, ಅಷ್ಟು ಹೇಳಿ.”

ಹೊನ್ನಯ್ಯ ಎಲೆಗಳನ್ನು ನೋಡಿದ, ತಾಯಿಯನ್ನು ನೋಡಿದ.

“ಬೊಗಳೋ,” ಎಂದಳು ಹುಚ್ಚಮ್ಮ.

“ಬಡಿಸಮ್ಮ,” ಎಂದ ಹೊನ್ನಯ್ಯ.

ಹುಲಿಗೆಮ್ಮ ಐದು ಎಲೆಗಳ ಮೇಲೂ ಕೈ ಆಡಿಸಿದಳು. “ಐವರಿಗೂ?” ಎಂದಳು.

“ಐವರಿಗೂ.” ಹೊನ್ನಯ್ಯ ಜಗಲಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಆಮೇಲೆ ಹೇಳಿದ್ದನ್ನೆಲ್ಲ ನೆಲ ನೋಡಿಕೊಂಡೇ ಹೇಳಿದ. ಬೆಟ್ಟದ ಸಂದಿಯ ಕ್ಯಾಂಪಿಗೆ ಕಾಲರಾ ಬಂತು. ಮೊದಲು ಕರಿಯಪ್ಪ ಮಲಗಿದ, ಆಮೇಲೆ ಉಳಿದ ಮೂವರು. ಭೂತಪ್ಪನಿಗೆ ಏನೂ ಆಗಿರಲಿಲ್ಲ. “ನಾನು ಗಂಟು ಕಟ್ಟಿದೆ. ಭೂತಾ, ನಡಿ, ಇಲ್ಲಿದ್ರೆ ನಾವೂ ಹೋಗ್ತೀವಿ ಅಂದೆ. ಅವನು ಒಲೆ ಊದ್ತಿದ್ದ. ಗಂಜಿ ಇನ್ನೂ ಬೆಂದಿಲ್ಲ, ನೀವು ನಡೀರಿ, ಇವರಿಗೆ ಕುಡಿಸಿ ಬರ್ತೀನಿ ಅಂದ. ನಾನು ಓಡಿಬಂದೆ. ರೈಲಿನ ತನಕ ಹೋಗಿ, ಮನಸ್ಸು ತಡೀಲಿಲ್ಲ, ವಾಪಸು ಹೋದೆ. ಗುಡಿಸಲುಗಳನ್ನ ಸುಟ್ಟಿದ್ರು. ಹೊಳೆ ದಂಡೇಲಿ ಹೂತಿದ್ರು. ಹೂತೋರೇ ನನಗೆ ತೋರಿಸಿದ್ರು, ಐದನೇ ಗುಂಡಿ ಭೂತಪ್ಪನದು, ಇವತ್ತು ಬೆಳಿಗ್ಗೆ ತೋಡಿದ್ದು ಅಂತ.” ಅವನು ಮುಖ ಒರೆಸಿಕೊಂಡ. “ಅವರು ಯಾರೂ ಓಡ್ಲಿಲ್ಲ. ಓಡಿದೋನು ನಾನು.”

ಹುಲಿಗೆಮ್ಮ, “ಗಂಜಿ ಮಾಡೋಕೆ ಅವನಿಗೆಲ್ಲಿ ಬರ್ತಿತ್ತು? ಒಂದು ದಿನ ಒಲೆ ಮುಂದೆ ಕೂತೋನಲ್ಲ” ಎಂದಳು.

“ನನಗೆ ಜ್ವರ ಬಂದಿದ್ದಾಗ ಕಲಿಸಿದ್ದೆ ಅತ್ತೆ,” ಎಂದಳು ಈಶ್ವರಮ್ಮ. “ನಿಮಗೆ ಹೇಳಬೇಡ ಅಂದಿದ್ರು. ಗಂಡಸು ಒಲೆ ಊದಿದ ಅಂತ ನೀವು ನಗ್ತೀರಿ ಅಂತ.”

“ನಗ್ತಿದ್ದೆ,” ಎಂದು ಹುಲಿಗೆಮ್ಮ ಸೊಸೆಯ ಭುಜಕ್ಕೆ ಮುಖ ಇಟ್ಟಳು.

ಐದು ಎಲೆಗೂ ಬಡಿಸಿದರು. ಹುಚ್ಚಮ್ಮ ತಾನೇ ಬಾಗಿಲು ಹಾಕಿಕೊಂಡಳು. ಎಲ್ಲರೂ ಬೀದಿಯಲ್ಲಿ ಬೆನ್ನು ತಿರುಗಿಸಿ ನಿಂತರು. ನಾಗಯ್ಯ ಮಾತ್ರ ಕಣ್ಣೊರೆಸಿಕೊಳ್ಳುವ ನೆಪದಲ್ಲಿ ಒಮ್ಮೆ ತಿರುಗಿ ನೋಡಿ, ಹೆಂಡತಿಯಿಂದ ತಿವಿಸಿಕೊಂಡ. ಹೊರಡುವಾಗ ಹುಚ್ಚಮ್ಮ ಹುಲಿಗೆಮ್ಮನ ಕೈ ಹಿಡಿದು, “ಇಲ್ಲಿ ಇಟ್ಟಿದ್ದು ಇಟ್ಟಾಯ್ತು. ಬಂದ್ರೆ ಬರ್ಲಿ. ನನ್ನ ಕೈಲಾಗೋ ತನಕ ನಾನೂ ಐದು ಎಲೆ ಹಾಕ್ತೀನಿ” ಎಂದಳು.

ಹೊನ್ನಯ್ಯ, “ನಾನು ಏನು ಮಾಡಬೇಕು ಹೇಳಿ” ಎಂದು ಕೇಳಿದ್ದು ಈಶ್ವರಮ್ಮನನ್ನು.

“ಸುಳ್ಳು ಎಲ್ಲೆಲ್ಲಿ ಹೇಳಿದ್ರಿ?”

“ಗೇಟಲ್ಲಿ. ಕಚೇರೀಲಿ. ಅಲ್ಲಿಂದ... ಐದು ಮನೆಗೂ ಹೋಯ್ತು.”

“ಅಲ್ಲೆಲ್ಲ ನಿಂತು ನಿಜ ಹೇಳಿ. ಇದೇ ದನೀಲಿ ಬೇಡ, ಸ್ವಲ್ಪ ಜೋರಾಗಿ.”

ಮರುದಿನ ಕಚೇರಿಯಲ್ಲಿ ನಾಗಯ್ಯನ ಎದುರೇ ಹೇಳಿದ. ಅಲ್ಲಿಯವರು ಕನ್ನಡಕ ತೆಗೆದು ಒರೆಸಿ, ಮೇಲಕ್ಕೆ ಕಳಿಸುತ್ತೇವೆ ಎಂದರು. ಅದು ಮೇಲೆ ಹೋಗಿ ಏನಾಗುತ್ತದೋ ನೋಡಬೇಕು ಎಂದು ನಾಗಯ್ಯ ಆಗಲೇ ಮುಂದಿನ ಸೋಮವಾರಕ್ಕೆ ರಜೆ ಕೇಳಿ ಇಟ್ಟ. ಅಮಾವಾಸ್ಯೆಯ ಹಿಂದಿನ ದಿನ ಹೊನ್ನಯ್ಯ ಭದ್ರಾವತಿಗೆ ಬಂದ. ಪಾಳಿ ಬಿಡುವ ಹೊತ್ತಿಗೆ ಗೇಟಿನ ಮುಂದೆ ಕೆಲಸದವರು ಅವನನ್ನು ಒಂದು ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿದರು. ಓಡಿದೋನು ನಾನು ಎಂದು ಅವನು ಹೇಳಿದಾಗ ಹಿಂದೆ ಇದ್ದವರು, “ಕೇಳಿಸ್ಲಿಲ್ಲ, ಇನ್ನೊಂದ್ಸಲ” ಎಂದರು. ಅವನು ಇನ್ನೊಂದು ಸಲ ಹೇಳಿದ. ಅಲ್ಲಿಂದ ಲೈನಿನ ಮೊದಲ ಮನೆ ನಾಗಯ್ಯನದು.

ಲೈನಿನ ಹಿರಿಯಳೊಬ್ಬಳು ಆಗಲೇ ಅಲ್ಲಿಗೆ ಬಂದು, ಸುದ್ದಿ ಖಾತ್ರಿಯಾಯಿತಲ್ಲ, ಇನ್ನು ಸೊಸೆಯ ಬಳೆ ತೆಗೆಸಬೇಕಲ್ಲ ಎಂದು ಮೆಲ್ಲಗೆ ಶುರುಮಾಡಿದ್ದಳು.

“ತೆಗೀಬೇಕು ಅನ್ನಿಸಿದ ದಿನ ಅವಳೇ ತೆಗೀತಾಳೆ,” ಎಂದಳು ಹುಲಿಗೆಮ್ಮ. “ಅದಕ್ಕೆ ಅಂತ ಬಂದಿದ್ರೆ ಬಂದ ದಾರೀಲೇ ನಡೀರಿ. ಮೇಸ್ತ್ರಿ ಮಾತು ಕೇಳೋಕೆ ಬಂದಿದ್ರೆ ಕೂತ್ಕೊಳ್ಳಿ.”

ಹಿರಿಯಳು ಕುಳಿತಳು. ಹೊನ್ನಯ್ಯ ಬಾಗಿಲ ಹೊರಗೆ ನಿಂತು ಹೇಳಿದ: ಭೂತಪ್ಪ ಓಡಿಹೋಗಲಿಲ್ಲ, ಜೊತೆಗಾರರಿಗೆ ಗಂಜಿ ಕುಡಿಸಲು ಉಳಿದ, ಅಲ್ಲೇ ತೀರಿಕೊಂಡ, ಓಡಿಬಂದವನು ನಾನು. ಹೇಳಿ ಮುಗಿಸಿ ತಲೆ ತಗ್ಗಿಸಿ ಹೊರಟವನನ್ನು ಹುಲಿಗೆಮ್ಮ ತಡೆದಳು.

“ಎಲ್ಲಿಗೆ ಹೊರಟೆ?”

“ಮುಂದಿನ ಮನೆಗೆ.”

“ಒಳಗೆ ಬಂದು ಕೂತ್ಕೋ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂತ ಮುಖ ಹೇಳುತ್ತೆ. ಇನ್ನೂ ನಾಲ್ಕು ಮನೆ ಇದೆ. ಹಸಿದುಕೊಂಡು ಹೋದ್ರೆ ಹಾಲಮ್ಮನ ಮನೆ ಹೊತ್ತಿಗೆ ದನಿ ಬಿದ್ದುಹೋಗುತ್ತೆ. ಅವಳಿಗೆ ಕಿವಿ ಮಂದ.”

ಹೊನ್ನಯ್ಯ ಅಳುಕುತ್ತ ಬಂದು ಕುಳಿತ. ಹುಲಿಗೆಮ್ಮ ಮುದ್ದೆ ಇಟ್ಟಳು, ಈಶ್ವರಮ್ಮ ಸಾರು ಬಡಿಸಿದಳು. ಅವನು ತುತ್ತು ನುಂಗಲು ಹೆಣಗುತ್ತಿದ್ದುದನ್ನು ನೋಡಿ ನಾಗಯ್ಯ ನೀರಿನ ಚೊಂಬು ಹತ್ತಿರ ಸರಿಸಿದ.

“ನಿಧಾನ ಉಣ್ಣಿ ಮೇಸ್ತ್ರಿಗಳೇ,” ಎಂದಳು ಈಶ್ವರಮ್ಮ, ಇನ್ನೊಂದು ಸೌಟು ಸಾರು ಹಾಕುತ್ತ. “ಎಷ್ಟು ಹೊತ್ತಾದ್ರೂ ಆಗ್ಲಿ. ಉಳಿದ ಮನೆಗಳಿಗೆ ನಾನೇ ಕರ್ಕೊಂಡು ಹೋಗ್ತೀನಿ.”